ಕ್ಲಚ್ ಇಲ್ಲದ ಅಂಬಾಸಿಡರ್

ಬಸವೇಶ್ವರನಗರ, ಬೆಂಗಳೂರು
ಭಾನುವಾರ, 17 ನವೆಂಬರ್ 2024

ನನ್ನ ಬಂಗಾರ ರಕ್ಷಾ,

ಚಿತ್ರದುರ್ಗದಲ್ಲಿ ಚಳಿ ಶುರುವಾಗಿರಬೇಕು. ಚೆನ್ನಾಗಿದ್ದೀಯಾ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ದೀಪಾವಳಿಗೆ ಮೊದಲೇ ಬರೆಯಬೇಕೆಂದುಕೊಂಡಿದ್ದೆ, ತಡವಾಯಿತು. ಬೇಸರ ಮಾಡಿಕೊಳ್ಳಬೇಡ. ಅಮ್ಮನಿಗೆ ಇದ್ದಕ್ಕಿದ್ದಂತೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎನ್ನಬಹುದು. ಫೋನಿನಲ್ಲಾದರೆ ನೀನು "ಅಮ್ಮಾ, ಬ್ಯಾಂಕಲ್ಲಿ ಜನ ಇದಾರೆ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಟ್ಟುಬಿಡಲು ಆಗುವುದಿಲ್ಲ. ಇಟ್ಟರೂ ಅದು ಮೇಜಿನ ಮೇಲೆ ಕಾಯುತ್ತಿರುತ್ತದೆ.

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಆಮೇಲೆ ಕಥೆ. ನಿನ್ನೆ ಬೆಳಿಗ್ಗೆ ನಾನು ನಮ್ಮ ಅಂಬಾಸಿಡರ್ ಓಡಿಸಿದೆ. ಗೇಟಿನಿಂದ ಆಚೆ ತೆಗೆದು ಮತ್ತೆ ಒಳಗಿಟ್ಟಿರಬೇಕು ಎಂದುಕೊಂಡೆಯಾ? ಇಲ್ಲಮ್ಮ. ಮನೆಯಿಂದ ಹೊರಟು ವಿಜಯನಗರ, ಅತ್ತಿಗುಪ್ಪೆ ದಾಟಿ, ಮೆಟ್ರೋ ಕಂಬಗಳ ಪಕ್ಕದಲ್ಲೇ ಮೈಸೂರು ರಸ್ತೆ ಹಿಡಿದು ಕೆಂಗೇರಿಯವರೆಗೆ ಹೋಗಿ ಬಂದೆ. ಪಕ್ಕದಲ್ಲಿ ನಿಮ್ಮಪ್ಪ ಕೂತಿದ್ದರು, ಅಷ್ಟೇ. ಸ್ಟಿಯರಿಂಗ್ ಹಿಡಿದದ್ದು, ಹಾರ್ನ್ ಹೊಡೆದದ್ದು, ಅಡ್ಡ ಬಂದ ಆಟೋದವನನ್ನು ಬೈದದ್ದು ಎಲ್ಲ ನಾನೇ. ಬರೆಯುವಾಗಲೂ ನಗು ಬರುತ್ತಿದೆ ನೋಡು.

ಈ ಕೆಲಸ ಶುರುವಾಗಿ ತಿಂಗಳುಗಳೇ ಆದವು. ಮುಗಿಯುವ ತನಕ ನಿನಗೆ ಹೇಳಕೂಡದೆಂದು ನಿಮ್ಮಪ್ಪನ ಬಾಯಿಗೆ ಬೀಗ ಹಾಕಿಸಿದ್ದೆ. ಪಾಪ, ನೀನು ಫೋನ್ ಮಾಡಿದಾಗಲೆಲ್ಲ ಅವರು "ಮಳೆ ಬಂತಾ?" ಎಂದು ಒಂದೇ ಪ್ರಶ್ನೆ ಕೇಳುತ್ತಿದ್ದದ್ದು ಅದಕ್ಕೇ.

ಅಪಘಾತವಾದ ಮೇಲೆ ಕಾರಿಗೆ ಟಾರ್ಪಾಲು ಹೊದಿಸಿ ಪೋರ್ಟಿಕೋದಲ್ಲಿ ನಿಲ್ಲಿಸಿದ್ದು ನಿನಗೆ ಗೊತ್ತು. ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು, ಕೃತಕ ಕಾಲು ಬಂತು, ನಡೆಯುವುದನ್ನು ಕಲಿತೆ, ಮೆಟ್ಟಿಲು ಹತ್ತುವುದನ್ನು ಕಲಿತೆ. ಆದರೆ ಕ್ಲಚ್ ಒತ್ತುವುದು ಬೇರೆಯೇ ವಿದ್ಯೆ. ಆ ಪಾದಕ್ಕೆ ಪೆಡಲ್ ಎಷ್ಟು ಒಳಗೆ ಹೋಯಿತು, ಎಷ್ಟು ಮೇಲೆ ಬಂತು ಎಂಬುದೇ ತಿಳಿಯುವುದಿಲ್ಲ. ಅಂಬಾಸಿಡರಿನ ಕ್ಲಚ್ಚೋ, ಎರಡು ಕಾಲಿದ್ದವರಿಗೇ ತೊಡೆ ನೋಯಿಸುವಂಥದ್ದು. ಕಳೆದ ಫೆಬ್ರವರಿಯಲ್ಲಿ ಒಂದು ದಿನ ನಿಮ್ಮಪ್ಪ ಬ್ಯಾಂಕಿಗೆ ಹೋಗಿದ್ದಾಗ ಟಾರ್ಪಾಲು ಎಳೆದು ಹಾಕಿ ಹೊರಟೇಬಿಟ್ಟೆ. ಹಾವನೂರು ಸರ್ಕಲ್ ಹತ್ತಿರ ಗಾಡಿ ನಿಂತುಹೋಯಿತು. ಸ್ಟಾರ್ಟ್ ಮಾಡಿದೆ, ಜಿಗಿದು ಮತ್ತೆ ನಿಂತಿತು. ಹಿಂದಿನಿಂದ ಹಾರ್ನುಗಳ ಜಾತ್ರೆ. ಒಬ್ಬ ಹುಡುಗ ಬೈಕಿನಿಂದ ಬಗ್ಗಿ ಒಳಗೆ ನೋಡಿ, "ಆಂಟಿ, ಈ ವಯಸ್ಸಲ್ಲಿ ಇವೆಲ್ಲ ಯಾಕೆ, ಆಟೋದಲ್ಲಿ ಹೋಗ್ಬಾರ್ದಾ?" ಎಂದ. ಅವನಿಗೆ ನನ್ನ ಕಾಲು ಕಾಣಿಸಿರಲಿಲ್ಲ. ಕಂಡಿದ್ದರೆ ಪಾಪ ಎನ್ನುತ್ತಿದ್ದ, ಅದು ಇನ್ನೂ ಕೆಟ್ಟದಾಗಿರುತ್ತಿತ್ತು. ಇಬ್ಬರು ಅಂಗಡಿಯವರು ತಳ್ಳಿ ಗಾಡಿಯನ್ನು ಪಕ್ಕಕ್ಕೆ ಹಾಕಿದರು. ಆ ದಿನ ಗಾಡಿ ಅಲ್ಲೇ ಬಿಟ್ಟು, ಆ ಹುಡುಗ ಹೇಳಿದಂತೆ ಆಟೋದಲ್ಲೇ ಮನೆಗೆ ಬಂದೆ.

ನಿಮ್ಮಪ್ಪನಿಗೆ ವಿಷಯ ತಿಳಿದು ಹೊಸ ಕಾರಿನ ಕಾಗದಗಳನ್ನು ತಂದು ಹರಡಿದರು. ಈಗ ಬರುವ ಪುಟ್ಟ ಆಟೋಮ್ಯಾಟಿಕ್ ಕಾರುಗಳು ಎಷ್ಟು ಚೆನ್ನಾಗಿವೆ, ಬಣ್ಣ ನೀನೇ ಆರಿಸು ಎಂದರು. ಅವರ ಮನಸ್ಸು ಒಳ್ಳೆಯದು. ಆದರೆ ನಾನು ಒಪ್ಪಲಿಲ್ಲ. ದಾವಣಗೆರೆ ಅಜ್ಜ ಎಲ್ಲರಂತೆ ಮದುವೆಯಲ್ಲಿ ಬಂಗಾರ ಕೊಟ್ಟು ಸುಮ್ಮನಾಗಲಿಲ್ಲ, ತಮ್ಮ ಕಾರಿನ ಕೀಲಿ ನನ್ನ ಕೈಗೆ ಕೊಟ್ಟರು. ಅಳಿಯನ ಕೈಗಲ್ಲ, ನನ್ನ ಕೈಗೆ. ಆ ಕಾಲದಲ್ಲಿ ರಾಜಾಜಿನಗರದಲ್ಲಿ ಸೀರೆ ಉಟ್ಟು ಅಂಬಾಸಿಡರ್ ಓಡಿಸುವ ಹೆಂಗಸು ಹೋದರೆ ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಗೆ ಬರುತ್ತಿದ್ದವು. ಅದೇ ಕಾರಿನಲ್ಲಿ ಪೀಣ್ಯದ ಕಾರ್ಖಾನೆಗೆ ಡ್ಯೂಟಿಗೆ ಹೋದೆ, ಅದೇ ಕಾರಿನಲ್ಲಿ ನಿನ್ನನ್ನು ಹೆರಲು ಆಸ್ಪತ್ರೆಗೆ ಹೋದೆ, ಅರ್ಧ ದಾರಿಯ ತನಕ ಓಡಿಸಿದವಳೂ ನಾನೇ. ನಿಮ್ಮಪ್ಪನಿಗೆ ಹೇಳಿದೆ: "ರೀ, ಹೊಸ ಕಾರಲ್ಲಿ ಕೂತ್ರೆ ನಾನು ಕಾಲಿಲ್ಲದವಳು ಓಡಿಸೋ ಕಾರಲ್ಲಿ ಕೂತಂಗಾಗತ್ತೆ. ಇದ್ರಲ್ಲಿ ಕೂತ್ರೆ ನಾನು ಜಗದಾಂಬಾ."

ಅವರು ಹೊಸ ಕಾರಿನ ಕಾಗದಗಳನ್ನೆಲ್ಲ ಮಡಿಸಿಟ್ಟು, "ಹಂಗಾದ್ರೆ ಇದಕ್ಕೇ ಆಟೋಮ್ಯಾಟಿಕ್ ಹಾಕ್ಸೋಕಾಗತ್ತಾ ಕೇಳೋಣ ನಡಿ" ಎಂದರು.

ಕೇಳಿದ್ದು ಕಾಮಾಕ್ಷಿಪಾಳ್ಯದ ಮುರಳೀಕೃಷ್ಣ ಅವರನ್ನು. ನೀನು ಅವರನ್ನು ನೋಡಿಲ್ಲ. ಹಳೆಯ ಕಾರುಗಳನ್ನೇ ರಿಪೇರಿ ಮಾಡುವ ಗ್ಯಾರೇಜು ಅವರದು. ದೊಡ್ಡ ದನಿ, ದೊಡ್ಡ ಮೀಸೆ, ಎಲ್ಲದಕ್ಕೂ ಮೊದಲು ಆಗುವುದಿಲ್ಲ ಎಂದು ಹೇಳಿ ಆಮೇಲೆ ಮಾಡುವ ಮನುಷ್ಯ. "ಮೇಡಂ, ಅಂಬಾಸಿಡರ್‌ಗೆ ಆಟೋಮ್ಯಾಟಿಕ್ಕಾ? ಅಜ್ಜಿಗೆ ಜೀನ್ಸ್ ಹಾಕ್ದಂಗಾಗತ್ತೆ" ಎಂದು ಜೋರಾಗಿ ನಕ್ಕರು.

"ಅಜ್ಜಿಗೆ ಸೈಜ್ ಸಿಕ್ರೆ ಯಾಕೆ ಹಾಕ್ಬಾರ್ದು?" ಎಂದೆ.

ನಕ್ಕವರು ಬಾನೆಟ್ ಎತ್ತಿ ನೋಡಿ ಗಂಭೀರರಾದರು. ನಮ್ಮ ಗಾಡಿಯ ಎಂಜಿನ್ನನ್ನು ಹಿಂದೆಯೇ ಜಪಾನಿನ ವಿನ್ಯಾಸದ ಎಂಜಿನ್ನಿಗೆ ಬದಲಾಯಿಸಿ ಆರ್‌ಸಿಯಲ್ಲಿ ಬರೆಸಿದ್ದೆವಲ್ಲ, ಅದೇ ಪುಣ್ಯಕ್ಕೆ ಬಂತು. ಆ ಎಂಜಿನ್ನಿಗೆ ಕೂರುವ ಹಳೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೊಯಮತ್ತೂರಿನಲ್ಲಿ ಒಬ್ಬರ ಬಳಿ ಇದೆ, ತರಿಸಿ ನೋಡೋಣ ಎಂದರು. ಅಂಗವಿಕಲರಿಗಾಗಿ ಗಾಡಿ ಮಾರ್ಪಡಿಸಲು ಆರ್‌ಟಿಒದಿಂದ ಮೊದಲೇ ಅನುಮತಿ ಬೇಕು. ಅದಕ್ಕೆ ಓಡಾಡಿದ್ದು ನಿಮ್ಮಪ್ಪ. ವಿದ್ಯುತ್ ಮಂಡಳಿಯಲ್ಲಿ ಅಷ್ಟು ವರ್ಷ ಕಡತಗಳ ಜೊತೆ ಬದುಕಿದವರಿಗೆ ಆ ಕೆಲಸ ತವರುಮನೆಗೆ ಹೋದಂತೆ.

ಗೇರ್‌ಬಾಕ್ಸ್ ಬಂತು, ಕೂತಿತು. ಆದರೆ ಅದಕ್ಕೆ ಗೇರ್ ಹಾಕುವ ಹಿಡಿಯೇ ಇರಲಿಲ್ಲ. ಇದ್ದರೂ ಅದು ಬೇರೆ ಕಾರಿನ ಒಡಲಿಗೆ ಮಾಡಿದ್ದು, ನಮ್ಮದಕ್ಕೆ ಹೊಂದುತ್ತಿರಲಿಲ್ಲ. ಹೀಗೆ ಯಾವ ಕಾರಿಗಾದರೂ ಕೂರಿಸಬಹುದಾದ ಶಿಫ್ಟರ್ ಬೇರೆಯಾಗಿಯೇ ಸಿಗುತ್ತದಂತೆ. ಹೊರದೇಶದಿಂದ ತರಿಸಿದೆವು. ಪೆಟ್ಟಿಗೆಯನ್ನು ಊಟದ ಮೇಜಿನ ಮೇಲೆ ಬಿಚ್ಚಿದಾಗ ನನಗೆ ಹೊಸ ಒಡವೆ ಬಿಚ್ಚಿದಷ್ಟು ಖುಷಿ. ಕಪ್ಪು ಪೀಠ, ಅದರ ಮೇಲೆ ನೆಟ್ಟಗೆ ನಿಂತ ಲೋಹದ ಹಿಡಿ, ಹಿಡಿಯ ತಲೆಯಲ್ಲಿ ಒಂದು ಗುಂಡಿ. ಗುಂಡಿ ಅದುಮಿದರೆ ಮಾತ್ರ ಹಿಡಿ ಜಾಗ ಬಿಟ್ಟು ಜರುಗುತ್ತದೆ. ಪಕ್ಕದಲ್ಲಿ ಅಕ್ಷರಗಳು: ಪಿ ಅಂದರೆ ಗಾಡಿಯನ್ನು ಬೀಗ ಹಾಕಿದಂತೆ ನಿಲ್ಲಿಸುವುದು, ಆರ್ ಹಿಂದಕ್ಕೆ, ಎನ್ ನ್ಯೂಟ್ರಲ್, ಡಿ ಮುಂದಕ್ಕೆ. ಹಿಡಿಯ ಬುಡದಿಂದ ಒಂದು ದಪ್ಪ ಕೇಬಲ್ ಹೊರಟು ಕಾರಿನ ತಳದಲ್ಲಿ ಗೇರ್‌ಬಾಕ್ಸಿಗೆ ಸೇರಬೇಕು. ಇಲ್ಲಿ ಕೈ ಏನು ಹೇಳುತ್ತದೋ ಅಲ್ಲಿ ಗೇರ್‌ಬಾಕ್ಸ್ ಅದನ್ನೇ ಕೇಳಬೇಕು. ಕೆಲಸವೆಲ್ಲ ಇಷ್ಟೇ. ಇಷ್ಟರಲ್ಲೇ ನಮ್ಮ ಜೀವ ಹೋಯಿತು.

ಮೊದಲ ಜಗಳ ಅದನ್ನು ಎಲ್ಲಿ ಕೂರಿಸುವುದು ಎಂಬುದಕ್ಕೆ. ನಮ್ಮ ಕಾರಿನಲ್ಲಿ ಗೇರು ಇದ್ದದ್ದು ಸ್ಟಿಯರಿಂಗಿನ ಪಕ್ಕದಲ್ಲಿ. ಮುಂದಿನ ಸೀಟೋ ಒಂದೇ ಉದ್ದನೆಯ ಬೆಂಚು. ಮುರಳೀಕೃಷ್ಣ ಡ್ಯಾಶ್‌ಬೋರ್ಡಿನ ಕೆಳಗೆ ಬೆರಳಿಟ್ಟು, "ಇಲ್ಲಿ ಹಾಕಿದ್ರೆ ರಾಜನಂಗೆ ಕಾಣ್ಸತ್ತೆ" ಎಂದರು. ನಾನು ಸೀಟಿನಲ್ಲಿ ಕೂತು, ಬೆನ್ನು ಒರಗಿಸಿ, ಕಣ್ಣು ಮುಚ್ಚಿ ಎಡಗೈ ಚಾಚಿದೆ. ಕೈ ತಾನಾಗಿ ಬಿದ್ದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿದೆ. ಅವರು ಹೇಳಿದ್ದಕ್ಕಿಂತ ಒಂದು ಗೇಣು ಹಿಂದೆ.

"ಮೇಡಂ, ಅಲ್ಲಿ ಫ್ಲೋರ್ ಉಬ್ಬಿದೆ, ಪ್ಲೇಟ್ ನೇರ ಕೂರಲ್ಲ."

"ಕೂರೋ ಹಂಗೆ ನಾನು ಬರ್ದು ಕೊಡ್ತೀನಿ."

ನಿನ್ನ ಅಮ್ಮ ಕಾರ್ಖಾನೆಯ ಡ್ರಾಯಿಂಗ್ ಸೆಕ್ಷನ್ನಿನಲ್ಲಿ ಸುಮ್ಮನೆ ಕೂತು ಬಂದವಳಲ್ಲ. ಮಿಠಾಯಿ ಡಬ್ಬಿಯ ರಟ್ಟನ್ನು ಕತ್ತರಿಸಿ, ಆ ಉಬ್ಬಿನ ಮೇಲೆ ಒತ್ತಿ, ಅಂಚು ಸವರಿ, ಮತ್ತೆ ಒತ್ತಿ ಅಚ್ಚು ತೆಗೆದೆ. ಸ್ವಯಂನಿವೃತ್ತಿ ತೆಗೆದುಕೊಂಡ ಮೇಲೆ ಅಟ್ಟಕ್ಕೆ ಹಾಕಿದ್ದ ನನ್ನ ಸ್ಕೇಲು, ಕೋನಮಾಪಕ ಎಲ್ಲ ಕೆಳಗಿಳಿದವು. ಶಿಫ್ಟರ್ ಕೂರಿಸುವ ತಟ್ಟೆಗೆ ಒಂದು ನಕ್ಷೆ, ಕೇಬಲ್ ಹಿಡಿದುಕೊಳ್ಳುವ ಬ್ರಾಕೆಟ್ಟಿಗೆ ಒಂದು ನಕ್ಷೆ. ಪೆನ್ಸಿಲ್ ಕೆತ್ತಿಕೊಂಡು ಗೆರೆ ಎಳೆಯಲು ಕೂತೆ. ನಿಮ್ಮಪ್ಪ ಕಾಫಿ ತಂದಿಟ್ಟು ನೋಡುತ್ತಾ ನಿಂತಿದ್ದರು. "ಏನ್ರೀ?" ಎಂದರೆ, "ಏನಿಲ್ಲ, ತುಂಬಾ ದಿನ ಆಗಿತ್ತು ನಿನ್ನ ಹಿಂಗೆ ನೋಡಿ" ಎಂದರು.

ಲಗ್ಗೆರೆಯ ಒಂದು ಶೆಡ್ಡಿನಲ್ಲಿ ತಟ್ಟೆ, ಬ್ರಾಕೆಟ್ ಎರಡೂ ತಯಾರಾದವು. ಕಾರಿನ ಫ್ಲೋರನ್ನು ಕತ್ತರಿಸಲು ಗ್ರೈಂಡರ್ ಇಟ್ಟಾಗ ಮಾತ್ರ ನನಗೆ ನೋಡಲಾಗಲಿಲ್ಲ. ಅಜ್ಜನ ಕಾರಿನ ಹೊಟ್ಟೆ ಕೊಯ್ಯುತ್ತಿದ್ದಾರಲ್ಲ ಎನ್ನಿಸಿತು. ಆಮೇಲೆ ನನಗೆ ನಾನೇ ಹೇಳಿಕೊಂಡೆ: ನನ್ನನ್ನೂ ಕೊಯ್ದೇ ಅಲ್ಲವೇ ಉಳಿಸಿದ್ದು? ತಿರುಗಿ ನಿಂತು ಕೊನೆಯ ಕಿಡಿಯವರೆಗೂ ನೋಡಿದೆ.

ಕೂರಿಸಿ ಮುಗಿಸಿದ ದಿನ ಮುರಳೀಕೃಷ್ಣ ಅವರೇ ಗಾಡಿ ತಂದು ನಮ್ಮ ಗೇಟಿಗೆ ಮುಖಮಾಡಿ ನಿಲ್ಲಿಸಿದರು. ನಾನು ಕೂತೆ. ನಮ್ಮ ಗೇಟಿನಿಂದ ಎದುರುಮನೆಯ ಕಡೆಗಿರುವ ಇಳಿಜಾರು ನಿನಗೆ ಗೊತ್ತಲ್ಲ. ಪಿ ನಿಜವಾಗಿ ಹಿಡಿಯುತ್ತದೆಯೇ ನೋಡೋಣ ಎಂದು ಹಿಡಿಯನ್ನು ಪಿಗೆ ತಳ್ಳಿ, ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಬಿಟ್ಟು, ಕಾಲು ತೆಗೆದೆ. ಒಂದು ಕ್ಷಣ ನಿಂತಿತ್ತು. ಆಮೇಲೆ ಮೆಲ್ಲಗೆ, ಆನೆ ಹಿಂದೆ ಸರಿದಂತೆ, ಗಾಡಿ ಹಿಂದಕ್ಕೆ ಹೊರಟಿತು. ಹಿಡಿ ಪಿ ತೋರಿಸುತ್ತಿದೆ, ಗಾಡಿ ಹೋಗುತ್ತಿದೆ! ನನ್ನ ಬಲಗಾಲು ಬ್ರೇಕ್ ಹುಡುಕಿ ಒತ್ತುವಷ್ಟರಲ್ಲಿ ಎದುರುಮನೆ ಅನಂತಲಕ್ಷ್ಮಿಯವರ ರಂಗೋಲಿ ಅಳಿಸಿ, ಅವರ ದಾಸವಾಳದ ಕುಂಡ ಒಡೆದು ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ಅನಂತಲಕ್ಷ್ಮಿಯವರು ಓಡಿಬಂದು, "ಕುಂಡ ಹೋದ್ರೆ ಹೋಗ್ಲಿ ಬಿಡ್ರೀ, ನಿಮಗೇನೂ ಆಗ್ಲಿಲ್ವಲ್ಲ?" ಎಂದು ನನ್ನ ಕೆನ್ನೆ ಮುಟ್ಟಿ ನೋಡಿದರು. ಆದರೆ ನಿಮ್ಮಪ್ಪನ ಮುಖ ಸುಣ್ಣದಂತಾಗಿತ್ತು. ಮುರಳೀಕೃಷ್ಣ ಗಾಡಿಯನ್ನು ಗ್ಯಾರೇಜಿಗೆ ತೆಗೆದುಕೊಂಡು ಹೋದ ಮೇಲೆ ಒಳಗೆ ಬಂದು ಬಾಗಿಲು ಹಾಕಿದರು.

"ಸಾಕು ಜಗದಾ. ಇಲ್ಲಿಗೆ ನಿಲ್ಸು."

"ಒಂದು ಕಡೆ ಅಳತೆ ತಪ್ಪಿದೆ ಅಷ್ಟೇ ರೀ. ಸರಿ ಮಾಡ್ಬೋದು."

"ಅಳತೆ ಗಿಳತೆ ನಂಗೊತ್ತಿಲ್ಲ. ಹಿಂದೆ ಒಂದು ಮಗು ಆಡ್ತಾ ಇದ್ದಿದ್ರೆ? ನಿನಗೇ ಏನಾದ್ರೂ ಆಗಿದ್ರೆ? ಇನ್ನೊಂದ್ಸಲ ಆಪರೇಷನ್ ಥಿಯೇಟರ್ ಬಾಗಿಲಲ್ಲಿ ನಿಂತ್ಕೊಳ್ಳೋಕೆ ನನ್ನ ಕೈಲಾಗಲ್ಲ."

ಅಷ್ಟು ಹೇಳಿ ಕುರ್ಚಿಯ ಮೇಲೆ ಕುಸಿದು ಕೂತರು. ನಿಮ್ಮಪ್ಪ ಅಳುವುದನ್ನು ನಾನು ಅವರ ತಾಯಿ ತೀರಿಕೊಂಡಾಗ ನೋಡಿದ್ದೆ, ಆಮೇಲೆ ಅವತ್ತೇ. ಆಸ್ಪತ್ರೆಯಲ್ಲಿ ಒಂದು ಹನಿ ಹಾಕಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡೆ. ಮಗುವಿನ ಮಾತು ನಿಜವೇ ಆಗಿತ್ತು. ಕೊನೆಗೆ, "ಸರಿ, ಒಂದು ಮಾತು. ನಾನು ತಳದಲ್ಲಿ ಮಲಗಿ ಕಣ್ಣಾರೆ ನೋಡ್ತೀನಿ. ತಪ್ಪು ಏನು ಅಂತ ನನಗೆ ಕಾಣ್ಲಿಲ್ಲ ಅಂದ್ರೆ ಆ ಕೀಲಿ ನಿಮ್ಮ ಕೈಗೆ ಕೊಟ್ಬಿಡ್ತೀನಿ, ಮತ್ತೆ ಕೇಳಲ್ಲ" ಎಂದೆ.

ಮಾರನೆಯ ದಿನ ಇಬ್ಬರೂ ಗ್ಯಾರೇಜಿಗೆ ಹೋದೆವು. ಗಾಡಿಯನ್ನು ಸ್ಟ್ಯಾಂಡುಗಳ ಮೇಲೆ ಎತ್ತಿ ಇಟ್ಟಿದ್ದರು. "ಮೇಡಂ, ನೀವು ಯಾಕೆ, ನಾನು ನೋಡ್ತೀನಿ" ಎಂದರು ಮುರಳೀಕೃಷ್ಣ. ನೀವು ಹಿಡಿ ಆಡಿಸಿ, ನಾನು ನೋಡುತ್ತೇನೆ ಎಂದೆ. ಚೂಡಿದಾರ ಹಾಕಿಕೊಂಡೇ ಹೋಗಿದ್ದೆ. ಕೆಳಗೆ ಚಾಪೆ ಹಾಸಿದರು. ಆದರೆ ಕೃತಕ ಕಾಲಿನ ಪಾದ ಮಡಿಸಲು ಬರುವುದಿಲ್ಲ, ಸರಿಯುವಾಗ ಅಡ್ಡ ಬರುತ್ತದೆ. ಅದನ್ನು ಕಳಚಿ, ಏನೂ ಯೋಚಿಸದೆ, "ಹಿಡ್ಕೊಳ್ಳಿ" ಎಂದು ನಿಮ್ಮಪ್ಪನ ಕೈಗೆ ಕೊಟ್ಟೆ.

ರಕ್ಷಾ, ಮನೆಯಲ್ಲಿ ಅವರು ಆ ಕಾಲನ್ನು ಒಂದು ದಿನವೂ ಮುಟ್ಟಿರಲಿಲ್ಲ. ನಾನು ಕಳಚುವ ಹೊತ್ತಿಗೆ ಪೇಪರ್ ಹಿಡಿದು ಆಚೆ ಹೋಗುತ್ತಿದ್ದರು. ಅವತ್ತು ಗ್ಯಾರೇಜಿನ ನಡುವೆ, ನಾಲ್ಕು ಜನರ ಮುಂದೆ, ಅದನ್ನು ಎದೆಗೆ ಒರಗಿಸಿಕೊಂಡು ನಿಂತರು, ಮಗುವನ್ನು ಎತ್ತಿಕೊಂಡಂತೆ. ಶೂಗೆ ಮೆತ್ತಿದ್ದ ಮಣ್ಣನ್ನು ಕರವಸ್ತ್ರದಿಂದ ಒರೆಸುತ್ತಿದ್ದದ್ದು ನನಗೆ ಗಾಡಿಯ ಕೆಳಗಿನಿಂದ ಕಾಣುತ್ತಿತ್ತು.

ಟಾರ್ಚ್ ಬಿಟ್ಟುಕೊಂಡು ನೋಡಿದೆ. ಮುರಳೀಕೃಷ್ಣ ಮೇಲೆ ಕೂತು ಒಂದೊಂದೇ ಸ್ಥಾನ ಕೂಗುತ್ತಿದ್ದರು. ಡಿ, ಸರಿ. ಎನ್, ಸರಿ. ಆರ್, ಸುಮಾರು ಸರಿ. "ಪಿ!" ಎಂದು ತಳ್ಳಿದಾಗ ಕಂಡಿತು! ಕೇಬಲ್ ತಳ್ಳುತ್ತಿದೆ, ಆದರೆ ಗೇರ್‌ಬಾಕ್ಸಿನ ತೋಳು ಕೊನೆಯ ಚೂರು ತಿರುಗುತ್ತಿಲ್ಲ. ಅದರ ಬದಲು ಕೇಬಲ್ ಹಿಡಿದಿದ್ದ ಬ್ರಾಕೆಟ್ಟೇ ಬಾಗುತ್ತಿದೆ. ಕೈಯ ಬಲವನ್ನೆಲ್ಲ ಆ ತಗಡು ನುಂಗಿಬಿಡುತ್ತಿದೆ. ಮೇಲೆ ಹಿಡಿ ಪಿ ಎಂದು ತೋರಿಸುತ್ತದೆ, ಕೆಳಗೆ ಬೀಗ ಬಿದ್ದಿರುವುದಿಲ್ಲ.

"ಇನ್ನೊಂದ್ಸಲ ಹಾಕಿ!" ಎಂದು ಕೂಗಿದೆ. ಮತ್ತೆ ಬಾಗಿತು. "ಸಿಕ್ತು ರೀ!" ಎಂದು ಕಿರುಚಿದ ನನ್ನ ದನಿಗೆ ಪಕ್ಕದ ಪಂಕ್ಚರ್ ಅಂಗಡಿಯವರೂ ಬಂದು ಬಗ್ಗಿ ನೋಡಿದರು.

ನೀವು ಬರೆದುಕೊಟ್ಟ ದಪ್ಪದ ತಗಡು ಆ ದಿನ ಸಿಗದೆ ತೆಳ್ಳಗಿನದರಲ್ಲಿ ಮಾಡಿಸಿದ್ದೆ ಎಂದು ಮುರಳೀಕೃಷ್ಣ ಕಿವಿ ಮುಟ್ಟಿಕೊಂಡರು. ನನ್ನ ನಕ್ಷೆಯಲ್ಲೂ ಅಂಚಿಗೆ ಮಡಿಕೆ ಇರಲಿಲ್ಲ, ಇರಬೇಕಿತ್ತು. ದಪ್ಪದ ತಗಡು, ಎರಡೂ ಅಂಚಿಗೆ ಮಡಿಕೆ, ಇನ್ನೊಂದು ಬೋಲ್ಟು. ಹೊಸದು ಬಂದು ಕೂತ ಮೇಲೆ ಅವರು ಕೇಬಲ್ಲಿನ ಉದ್ದವನ್ನು ಪಿಯಿಂದಲೇ ಶುರುಮಾಡಿ ಹೊಂದಿಸಿದರು. ಕೇಬಲ್ ಸೈಲೆನ್ಸರ್ ಪೈಪಿನ ಬಿಸಿಗೆ ಸಿಗದ ಹಾಗೆ ದೂರದಿಂದ ಬಳಸಿ ತಂದರು. ಪಿ ಅಥವಾ ಎನ್‌ನಲ್ಲಿ ಇದ್ದರೆ ಮಾತ್ರ ಗಾಡಿ ಸ್ಟಾರ್ಟ್ ಆಗುವ ಹಾಗೆ ಸ್ವಿಚ್ಚು ಕೊಟ್ಟರು. ಆ ವೈರಿಂಗ್ ಅವರದೇ ಕೈಚಳಕ, ನನಗೆ ಬರುವ ವಿದ್ಯೆಯಲ್ಲ. ಗ್ಯಾರೇಜಿನ ಹಿಂದಿನ ಕಡಿದಾದ ರಸ್ತೆಯಲ್ಲಿ ಪಿಗೆ ಹಾಕಿ ನಾಲ್ಕು ಜನ ತಳ್ಳಿದರು. ಗಾಡಿ ಕೂದಲೆಳೆಯಷ್ಟು ಅಲುಗಿ, ಕಟ್ಟೆಯ ಮೇಲಿನ ಬಸವನಂತೆ ಗಟ್ಟಿಯಾಗಿ ಕೂತಿತು. ತಳ್ಳಿದವರಲ್ಲಿ ನಿಮ್ಮಪ್ಪನೂ ಒಬ್ಬರು. ಎಲ್ಲರಿಗಿಂತ ಜೋರಾಗಿ ತಳ್ಳಿದವರು ಅವರೇ.

ಆರ್‌ಟಿಒ ಪರೀಕ್ಷೆ ಕಳೆದ ವಾರ ಆಯಿತು. ಗಾಡಿ ನೋಡಿದವರು ಒಬ್ಬ ಇನ್ಸ್‌ಪೆಕ್ಟರಮ್ಮ, ನಿನಗಿಂತ ಸ್ವಲ್ಪ ದೊಡ್ಡವಳಿರಬಹುದು. ಟಾರ್ಚ್ ಹಿಡಿದು ತಳ ನೋಡಿದಳು, ಏರಿನ ಮೇಲೆ ನಿಲ್ಲಿಸಿ ನೋಡಿದಳು, ನನ್ನನ್ನು ಹಿಂದಕ್ಕೆ ಮುಂದಕ್ಕೆ ಓಡಿಸಿದಳು. ಕೊನೆಗೆ ಬ್ರಾಕೆಟ್ಟಿನ ಮೇಲೆ ಬೆರಳು ತಟ್ಟಿ, "ಇದರ ಡಿಸೈನ್ ಯಾರು ಮಾಡಿದ್ದು?" ಎಂದು ಮುರಳೀಕೃಷ್ಣ ಅವರನ್ನು ಕೇಳಿದಳು. ಅವರು ಮೀಸೆ ತಿರುವುತ್ತಾ ನನ್ನ ಕಡೆ ಕೈ ತೋರಿಸಿದರು.

"ನೀವಾ ಅಮ್ಮ?"

"ಹೌದು, ನಾನೇ" ಎಂದೆ. ಮದುವೆಯಲ್ಲಿ, ಕೆಲಸ ಸಿಕ್ಕಾಗ, ಎಲ್ಲೂ ಅಷ್ಟು ಗಟ್ಟಿಯಾಗಿ ನಾನು ಹೌದು ಎಂದಿರಲಿಲ್ಲ.

ಲೈಸೆನ್ಸಿನಲ್ಲೂ ಬದಲಾವಣೆ ಬರೆದುಕೊಟ್ಟರು. ನಿನ್ನೆಯ ಸವಾರಿ ಅದಾದ ಮೇಲಿನ ಮೊದಲನೆಯದು. ಬ್ರೇಕ್ ಒತ್ತಿ, ಗುಂಡಿ ಅದುಮಿ, ಹಿಡಿಯನ್ನು ಡಿಗೆ ಎಳೆದಾಗ ಗಾಡಿ ಮೈ ಸ್ವಲ್ಪ ಬಿಗಿಮಾಡಿ, ತಾನಾಗಿ ಮುಂದೆ ಹೊರಟಿತು. ನನ್ನ ಎಡಗಾಲು ಮೂಲೆಯಲ್ಲಿ ಸುಮ್ಮನೆ, ಅತಿಥಿಯಂತೆ ಕೂತಿತ್ತು. ಗೇರು ಬದಲಾದದ್ದು ಗೊತ್ತೇ ಆಗಲಿಲ್ಲ. ಗೊತ್ತಾದದ್ದು ನಿಮ್ಮಪ್ಪನಿಗೆ: "ಈಗ ಎರಡನೇದು ಬಿತ್ತು, ಈಗ ಮೂರ್ನೇದು" ಎಂದು ಕ್ರಿಕೆಟ್ ಕಾಮೆಂಟರಿ ಹೇಳುತ್ತಿದ್ದರು. ವಿಜಯನಗರದಲ್ಲಿ ಸಿಗ್ನಲಿಗೆ ನಿಂತಾಗ ಪಕ್ಕದ ಬಸ್ಸಿನಿಂದ ಒಬ್ಬ ಹುಡುಗಿ ಹೆಬ್ಬೆರಳು ಎತ್ತಿ ತೋರಿಸಿದಳು. ನಾನೂ ತೋರಿಸಿದೆ. ಕೆಂಗೇರಿಯಲ್ಲಿ ದೋಸೆ ತಿಂದೆವು. ಹೋಟೆಲಿನವನು, "ಸಾರ್, ಗಾಡಿ ಸ್ವಲ್ಪ ಹಿಂದಕ್ಕೆ ತಗೊಳ್ಳಿ" ಎಂದು ನಿಮ್ಮಪ್ಪನಿಗೆ ಹೇಳಿದ. ಅವರು ಎದೆಯುಬ್ಬಿಸಿ, "ಡ್ರೈವರ್ ಅವ್ರು, ಅವ್ರನ್ನ ಕೇಳಪ್ಪ" ಎಂದರು.

ಮನೆಗೆ ಬಂದಾಗ ಅನಂತಲಕ್ಷ್ಮಿಯವರು ಹೊಸ ಕುಂಡವನ್ನು ಬಾಗಿಲಿನಿಂದ ಒಂದು ಮಾರು ಒಳಗೆ ಇಟ್ಟುಕೊಂಡು ನಿಂತಿದ್ದರು. ಅವರ ನಂಬಿಕೆ ಅಷ್ಟರಮಟ್ಟಿಗೆ ಬೆಳೆದಿದೆ. ಆದರೂ ಆರತಿ ಎತ್ತಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟರು.

ನನಗೆ ಹೆಮ್ಮೆಯಾಗಿದೆ ಕಣೇ. ಮುಚ್ಚಿಡುವುದಿಲ್ಲ. ಈ ವಯಸ್ಸಿನಲ್ಲಿ ಒಬ್ಬಳು ಹೆಂಗಸು ನಾನು ಇದನ್ನು ಮಾಡಿದೆ ಎಂದು ಎದೆ ತಟ್ಟಿಕೊಂಡರೆ ಯಾರ ಗಂಟು ಹೋಗುತ್ತದೆ?

ನೀನು ಎಲ್ಲಿದ್ದರೂ ನಿನ್ನ ದಾರಿ ನುಣುಪಾಗಿರಲಿ. ಬಸವಣ್ಣ ನಿನ್ನನ್ನು ಬೆಚ್ಚಗೆ ಇಟ್ಟಿರಲಿ. ಉಂಡ ಅನ್ನ ಮೈಗೆ ಹತ್ತಲಿ, ಮಲಗಿದರೆ ಕನಸಿಲ್ಲದ ನಿದ್ದೆ ಬರಲಿ. ಅಪ್ಪನ ಹಾರೈಕೆಯೂ ಇದರಲ್ಲೇ ಇದೆ. ಮಳೆ ಬಂತಾ ಎಂದು ಕೇಳಲು ಹೇಳಿದ್ದಾರೆ.

ನಿನ್ನ ಪ್ರೀತಿಯ ಅಮ್ಮ,
ಜಗದಾಂಬಾ ರೇವಣಸಿದ್ದಪ್ಪ

ವಿ. ಸೂ.: ಕವರು ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಬರೆಯಬೇಕಾದದ್ದನ್ನು ಬಿಟ್ಟು ಉಳಿದದ್ದೆಲ್ಲ ಬರೆದಿದ್ದೇನೆ ಎನ್ನಿಸಿತು.

ಅವತ್ತು ಸ್ಕೂಟರ್ ಓಡಿಸುತ್ತಿದ್ದವಳು ನೀನು, ಹಿಂದೆ ಕೂತಿದ್ದವಳು ನಾನು. ತಿರುವಿನಲ್ಲಿ ಯಾರೋ ಸುರಿದು ಹೋಗಿದ್ದ ಮರಳಿತ್ತು, ಹಿಂದೆ ಲಾರಿಯಿತ್ತು. ನೀನು ನಿಧಾನಕ್ಕೇ ಹೋಗುತ್ತಿದ್ದೆ. ಇದನ್ನು ಪೊಲೀಸರೂ ಹೇಳಿದರು, ಡಾಕ್ಟರೂ ಹೇಳಿದರು, ನಾನೂ ಹೇಳಿದೆ. ನೀನು ಮಾತ್ರ ಯಾರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ಬ್ಯಾಂಕಿನವರು ಚಿತ್ರದುರ್ಗಕ್ಕೆ ಹಾಕಿದರು ಎಂದು ನೀನು ಹೇಳಿದೆ. ನೀನೇ ಕೇಳಿಕೊಂಡು ಹೋದದ್ದೆಂದು ನಿನ್ನ ಜೊತೆ ಕೆಲಸ ಮಾಡುತ್ತಿದ್ದ ಮಾಲವಿಕಾ ನಿಮ್ಮಪ್ಪನಿಗೆ ಹೇಳಿದಳು. ಯುಗಾದಿಗೆ ಬಂದಾಗ ಮನೆಯಲ್ಲಿ ಮಲಗದೆ ನಾಗರಬಾವಿಯ ಗೆಳತಿಯ ರೂಮಿಗೆ ಹೋದೆ. ನನ್ನ ಜೊತೆ ಮಾತಾಡುವಾಗ ನಿನ್ನ ಕಣ್ಣು ನನ್ನ ಸೊಂಟದಿಂದ ಕೆಳಗೆ ಒಮ್ಮೆಯೂ ಇಳಿಯಲಿಲ್ಲ.

ಕಾಲು ಒಂದೇ ದಿನದಲ್ಲಿ ಹೋಯಿತು. ಅದಕ್ಕೆ ಔಷಧಿ ಇತ್ತು, ನೋವು ಮಾಗಿತು. ನೀನು ದಿನಕ್ಕೆ ಸ್ವಲ್ಪ ಸ್ವಲ್ಪವೇ ಹೋಗುತ್ತಿದ್ದೀಯ. ಅದು ಮಾಗುತ್ತಿಲ್ಲ.

ಅಲ್ಲಿ ಎಲ್ಲಿಗೂ ನಡೆದೇ ಹೋಗುತ್ತೀಯಂತೆ, ಗಾಡಿ ಮುಟ್ಟುವುದೇ ಇಲ್ಲವಂತೆ. ಬರುವ ಶನಿವಾರ ನಾನೂ ನಿಮ್ಮಪ್ಪನೂ ಕಾರಿನಲ್ಲಿ ಚಿತ್ರದುರ್ಗಕ್ಕೆ ಬರುತ್ತೇವೆ. ಬರುವಾಗ ನಾನು ಓಡಿಸುತ್ತೇನೆ. ಭಾನುವಾರ ಮನೆಗೆ ವಾಪಸ್ಸು ನೀನು ಓಡಿಸಬೇಕು. ನಿಮ್ಮಪ್ಪ ಹಿಂದೆ ಕೂರಲಿ. ನಾನು ನಿನ್ನ ಪಕ್ಕದಲ್ಲಿ, ಕಾಲು ಕಳಚಿಟ್ಟು, ತುಮಕೂರು ಬರುವ ತನಕ ಹಾಯಾಗಿ ನಿದ್ದೆ ಮಾಡುತ್ತೇನೆ.